ರಟ್ಟಿನ ಮನೆಯ ಸೊಟ್ಟ ಕಿಟಕಿ

ರಟ್ಟಮ್ಮನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇದೆ. ಬ್ಯಾಂಕಿನ ಪಾಸ್‌ಪುಸ್ತಕ ಬಿಟ್ಟರೆ ಅದು ಇನ್ನೆಲ್ಲೂ ಓಡಾಡುವುದಿಲ್ಲ. ಚಪ್ಪಲಿ, ಬೂಟುಗಳ ಡಬ್ಬ ಮಾಡುವ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ರಟ್ಟಿನ ಜೊತೆಗೇ ಸಂಸಾರ ಮಾಡಿದವಳನ್ನು ಜನ ಇನ್ನೇನೆಂದು ಕರೆದಾರು? ಮೊದಲು ಕತ್ತರಿಸುವ ಮೇಜು, ಆಮೇಲೆ ಅಂಟಿನ ಮೇಜು, ಕೊನೆಯ ಹತ್ತು ವರ್ಷ ತಪಾಸಣೆಯ ಮೇಜು. ಅಲ್ಲಿ ಅವಳ ಕೆಲಸ ಒಂದೇ: ಡಬ್ಬ ಕೂದಲೆಳೆಯಷ್ಟು ಓರೆಯಾಗಿದ್ದರೂ ಹಿಂದಕ್ಕೆ ತಳ್ಳುವುದು. "ಸೊಟ್ಟ!" ಎಂದು ಅವಳು ಒಂದು ಸಲ ಕೂಗಿದರೆ ಆ ಸಾಲಿನಲ್ಲಿ ಕೂತವರೆಲ್ಲ ತಮ್ಮ ತಮ್ಮ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದರಂತೆ.

ಕೆಲಸ ಬಿಟ್ಟು ನಾಲ್ಕು ವರ್ಷವಾಯಿತು, ಕಣ್ಣು ಮಾತ್ರ ಇನ್ನೂ ಡ್ಯೂಟಿ ಬಿಟ್ಟಿಲ್ಲ. ಕಂಡವರ ಮನೆಗೆ ಹೋದರೆ ಕೂರುವ ಮೊದಲೇ ಗೋಡೆಯ ಫೋಟೋ ಸರಿಮಾಡುತ್ತಾಳೆ. ಬಸ್ ನಿಲ್ದಾಣದ ಬೋರ್ಡು ಒಂದು ಕಡೆ ಜೋತುಬಿದ್ದಿದೆಯೆಂದು ಎರಡು ಬಸ್ಸು ಬಿಟ್ಟು, ಪಕ್ಕದ ಅಂಗಡಿಯಿಂದ ಸುತ್ತಿಗೆ ಕೇಳಿ ತಂದು ಮೊಳೆ ಹೊಡೆದವಳು. "ಹುಟ್ಟುಗುಣ ಸುಟ್ಟರೂ ಹೋಗಲ್ಲ" ಎಂದು ಗಂಡ ಅಂದರೆ, "ಇದು ಹುಟ್ಟುಗುಣ ಅಲ್ಲ ಕಣ್ರೀ, ಸಂಬಳ ತಗೊಂಡು ಕಲಿತಿದ್ದು" ಎನ್ನುತ್ತಾಳೆ.

ಗಂಡ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು, ಈಗಲೂ ಊರಿಗೆಲ್ಲ ಕಂಡಕ್ಟರೇ. ಅವರಿಗಿರುವ ಚಟ ಎಣಿಸುವುದು. ಮನೆಗೆ ನಾಲ್ಕು ಜನ ನೆಂಟರು ಬಂದರೆ ಬಾಗಿಲಲ್ಲೇ ನಿಂತು ಕಣ್ಣಲ್ಲಿ ತಲೆ ಎಣಿಸಿ ಆಮೇಲೆ "ಬನ್ನಿ" ಅನ್ನುತ್ತಾರೆ. ಇಂಥ ಇಬ್ಬರು ಒಂದೇ ಸೂರಿನಡಿ ಇದ್ದೂ ಒಂದು ಎಡವಟ್ಟು ಆಗುವುದಾದರೆ ಅದು ಸಾಮಾನ್ಯ ಎಡವಟ್ಟು ಆಗಿರುವುದಿಲ್ಲ. ಆಗಿರಲೂ ಇಲ್ಲ.

ರಟ್ಟಮ್ಮನ ಈಗಿನ ಕಸುಬು ಮನೆ ಕಟ್ಟುವುದು. ಅಂಗೈ ಮೇಲೆ ಕೂರುವಂಥ ರಟ್ಟಿನ ಮನೆಗಳು. ಕ್ರಿಸ್‌ಮಸ್ ಹೊತ್ತಿಗೆ ಜನ ಕಿಟಕಿಯ ಕಟ್ಟೆಯ ಮೇಲೋ ಮೇಜಿನ ಮೇಲೋ ಹತ್ತಿಯ ಹಿಮ ಹಾಸಿ ಒಂದು ಪುಟಾಣಿ ಊರು ಕೂರಿಸುತ್ತಾರಲ್ಲ, ಆ ಊರಿಗೆ ಬೇಕಾದ ಮನೆಗಳು. ಕಡಿದಾದ ಮಾಡು, ಒಂದು ಹೊಗೆಗೂಡು, ಎರಡು ಮೆಟ್ಟಿಲು, ಕಿಟಕಿಗೆ ಹಳದಿ ಜಿಲೆಟಿನ್ ಕಾಗದ. ಹಿಂದಿನ ಗೋಡೆಯಲ್ಲಿ ನಾಣ್ಯದಷ್ಟು ಅಗಲದ ತೂತು, ಅದರೊಳಗೆ ಸೀರಿಯಲ್ ಲೈಟಿನ ಒಂದು ಬಲ್ಬು ತೂರಿಸಿದರೆ ಮನೆಯಲ್ಲಿ ಯಾರೋ ಇದ್ದಾರೆ ಅನ್ನಿಸಬೇಕು. ಅಂಗಳಕ್ಕೆ ಒಣಗಿದ ಹೀರೆಯ ನಾರನ್ನು ಹಸಿರು ಬಣ್ಣದಲ್ಲಿ ಅದ್ದಿ ಮಾಡಿದ ಮರ. ಅಕ್ಟೋಬರ್ ಬಂದರೆ ಸಾಕು, ಅವರ ಮುಂದಿನ ಕೋಣೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಕಂಡಕ್ಟರು ಪೇಪರ್ ಓದಬೇಕೆಂದರೆ ಮೂರು ಬೀದಿ ದಾಟಿ ಕುರ್ಚಿಗೆ ಹೋಗಬೇಕು.

ಮನೆ ಕಟ್ಟುವವರು ಬೇಕಾದಷ್ಟು ಜನ ಇದ್ದಾರೆ. ರಟ್ಟಮ್ಮನ ಹೆಚ್ಚುಗಾರಿಕೆ ಹೊಸ ಮನೆಯನ್ನು ಹಳೆಯದು ಮಾಡುವುದರಲ್ಲಿ. ಗಿರಾಕಿಗಳಿಗೆ ಅಜ್ಜಿಯ ಕಾಲದ ಪೆಟ್ಟಿಗೆಯಿಂದ ತೆಗೆದಂತೆ ಕಾಣುವ ಮನೆಯೇ ಬೇಕು. ಅದಕ್ಕೆ ಅವಳು ಗೋಡೆಗೆ ಟೀ ಡಿಕಾಕ್ಷನ್ ಬಳಿಯುತ್ತಾಳೆ. ಮಾಡಿನ ಮೇಲೆ ಮಿಂಚಿನ ಪುಡಿ ಉದುರಿಸಿ, ಒಣಗಿದ ಮೇಲೆ ಅರ್ಧ ಉಜ್ಜಿ ತೆಗೆಯುತ್ತಾಳೆ. ಒಂದು ಮಗ್ಗುಲಿನ ಬಣ್ಣ ಐವತ್ತು ವರ್ಷ ಬಿಸಿಲಿಗೆ ಇಟ್ಟ ಹಾಗೆ ಮಾಸಿರಬೇಕು, ಮೂಲೆಗಳು ಯಾರೋ ಎಷ್ಟೋ ಸಲ ಎತ್ತಿಟ್ಟ ಹಾಗೆ ಸವೆದಿರಬೇಕು. ಆ ಬೀದಿಯ ಹೆಂಗಸರೆಲ್ಲ ವಯಸ್ಸು ಮುಚ್ಚಿಡಲು ಒದ್ದಾಡುತ್ತಿದ್ದರೆ ಇವಳೊಬ್ಬಳು ವಯಸ್ಸು ಬರಿಸಲು ಒದ್ದಾಡುತ್ತಿದ್ದಳು. "ನಾನು ಮಾಡಿದ್ದನ್ನೂ ನಿಜವಾದ ಹಳೇದನ್ನೂ ಪಕ್ಕಪಕ್ಕ ಇಟ್ರೆ ಯಾರಪ್ಪನ ಕೈಲೂ ಹೇಳೋಕಾಗಲ್ಲ" ಎಂದು ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದಳು. ಇಂಥ ಮಾತು ಆಡುವಾಗ ಸ್ವಲ್ಪ ಮರ ಮುಟ್ಟಿಕೊಳ್ಳಬೇಕಿತ್ತು, ಅವಳು ಮುಟ್ಟಿದ್ದು ಬರೀ ರಟ್ಟು.

ಈ ಎಲ್ಲ ಮನೆಗಳಿಗೂ ಮೂಲವೊಂದಿದೆ. ರಟ್ಟಮ್ಮನಿಗೆ ಮೂರು ವರ್ಷವಿದ್ದಾಗ ಅವಳ ಅಪ್ಪ ಬಿಸ್ಕತ್ತಿನ ಪೊಟ್ಟಣಗಳು ಬರುವ ದಪ್ಪ ಪೆಟ್ಟಿಗೆಯನ್ನು ಕುಯ್ದು ಮಾಡಿದ ಮನೆ ಅದು. ಕೆಂಪು ಮಾಡು, ಕೆನೆಬಣ್ಣದ ಗೋಡೆ. ಪೆಟ್ಟಿಗೆಯ ಮೇಲಿದ್ದ ಚಿತ್ರ ಒಳಮುಖವಾಗಿ ಬಿದ್ದಿದ್ದರಿಂದ, ಹಿಂದಿನ ತೂತಿನಲ್ಲಿ ಇಣುಕಿದರೆ ಒಳಗೋಡೆಯ ಮೇಲೆ ಬಿಸ್ಕತ್ತು ಹಿಡಿದ ಹುಡುಗಿಯ ಅರ್ಧ ಮುಖ ಕಾಣುತ್ತದೆ. ಇನ್ನೊಂದು ವಿಶೇಷವೆಂದರೆ ಮುಂದಿನ ಗೋಡೆಯ ಕಿಟಕಿ ಸೊಟ್ಟ. ಸ್ವಲ್ಪವಲ್ಲ, ಎಡಗಡೆಗೆ ಚೆನ್ನಾಗಿಯೇ ವಾಲಿಕೊಂಡಿತ್ತು. ಅಪ್ಪ ಅವಸರದಲ್ಲಿ ಕುಯ್ದಿರಬೇಕು ಎಂದು ರಟ್ಟಮ್ಮನ ಲೆಕ್ಕಾಚಾರ. ತಾನು ಮಾಡುವ ಮನೆಗಳಲ್ಲಿ ಆ ಒಂದನ್ನು ಅವಳು ತಿದ್ದಿಬಿಟ್ಟಿದ್ದಳು. ಉಳಿದಂತೆ ಅಪ್ಪನ ಅಳತೆಯೇ. "ನಾನೂ ಅಪ್ಪನೂ ಸೇರಿ ಮಾಡಿದ ಮೊದಲ್ನೇ ಮನೆ" ಎಂದು ಅವಳು ಹೆಮ್ಮೆಯಿಂದ ಹೇಳುತ್ತಿದ್ದಳು. ಮೂರು ವರ್ಷದ ಮಗು ಅಪ್ಪನ ತೊಡೆಯ ಮೇಲೆ ಕೂತು ಮಿಂಚಿನ ಪುಡಿ ಉದುರಿಸಿದ್ದಕ್ಕಿಂತ ಹೆಚ್ಚೇನು ಮಾಡಿರಲು ಸಾಧ್ಯ ಎಂದು ಯಾರೂ ಕೇಳಿರಲಿಲ್ಲ.

ಅಪ್ಪ ಹೋದ ಮೇಲೆ ಆ ಮನೆ ಅಕ್ಕ ತಂಗಿಯರಿಬ್ಬರ ಪಾಲಿಗೆ ಬಂತು. ಮನೆ ಒಂದು, ಮಕ್ಕಳು ಇಬ್ಬರು. ಹಾಗಾಗಿ ಒಂದು ವರ್ಷ ಅಕ್ಕನ ಹತ್ತಿರ, ಒಂದು ವರ್ಷ ತಂಗಿಯ ಹತ್ತಿರ. ಕ್ರಿಸ್‌ಮಸ್‌ಗೆ ಹಿಂದಿನ ಭಾನುವಾರ ಕೈಬದಲಾವಣೆ. ಹತ್ತೊಂಬತ್ತು ವರ್ಷದಿಂದ ಒಂದು ಸಲವೂ ತಪ್ಪಿಲ್ಲ. ಅಕ್ಕ ರಟ್ಟಮ್ಮನಿಗಿಂತ ಆರು ವರ್ಷ ದೊಡ್ಡವಳು, ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿದ್ದವಳು. ಹಾಸಿಗೆಯ ಮೂಲೆಗಳನ್ನು ಇಸ್ತ್ರಿ ಮಾಡಿದ ಹಾಗೆ ಮಡಚುವ ಕೈ ಅದು. ತಂಗಿಯ ವಿಷಯದಲ್ಲಿ ಅವಳಿಗೆ ಪ್ರೀತಿಯೇನೋ ಬೆಟ್ಟದಷ್ಟಿತ್ತು, ನಂಬಿಕೆ ಮಾತ್ರ ಅಳೆದೂ ಸುರಿದೂ. ಪ್ರತಿ ಸಲ ಡಬ್ಬ ಕೊಡುವಾಗ "ಪುಟ್ಟಿ, ಜೋಪಾನ" ಎನ್ನುವಳು. ಅರವತ್ತೆರಡು ವರ್ಷದ ಪುಟ್ಟಿ ಹಲ್ಲು ಕಚ್ಚಿಕೊಂಡು "ಆಯ್ತಕ್ಕ" ಎನ್ನುವಳು. ಇನ್ನೂ ಒಂದು ಅಭ್ಯಾಸವಿತ್ತು ಅಕ್ಕನಿಗೆ. ಡಬ್ಬ ತೆರೆದು ಮನೆಯನ್ನು ಎತ್ತಿದಾಗಲೆಲ್ಲ ಕತ್ತನ್ನು ಒಂದು ಕಡೆಗೆ ವಾಲಿಸಿ ಅದನ್ನು ನೋಡುತ್ತಿದ್ದಳು. ಕುತ್ತಿಗೆ ಉಳುಕಿನ ತೊಂದರೆ ಇರಬೇಕೆಂದು ರಟ್ಟಮ್ಮ ಒಮ್ಮೆ ಎಣ್ಣೆಯ ಶೀಸೆ ತಂದುಕೊಟ್ಟಿದ್ದಳು.

ಈ ವರ್ಷ ಮನೆ ರಟ್ಟಮ್ಮನ ಹತ್ತಿರವಿತ್ತು, ಭಾನುವಾರ ಅಕ್ಕನಿಗೆ ಕೊಡಬೇಕಿತ್ತು. ಅದೇ ಹೊತ್ತಿಗೆ ಮೂಲೆಯ ಹಲ್ಲಿನ ಡಾಕ್ಟರು ತಮ್ಮ ಕ್ಲಿನಿಕ್ಕಿನಲ್ಲಿ ಕಾಯುವವರ ಕೋಣೆಗೆ ಒಂದು ಇಡೀ ಊರು ಬೇಕೆಂದರು, ಇಪ್ಪತ್ತನಾಲ್ಕು ಮನೆ. "ಹಲ್ಲು ಕೀಳಿಸಿಕೊಳ್ಳೋಕೆ ಬಂದೋರಿಗೆ ನೋಡೋಕೆ ಏನಾದ್ರೂ ಚೆಂದದ್ದು ಬೇಕಲ್ಲ? ನಿಮ್ಮಪ್ಪ ಮಾಡಿದ್ರು ಅಂತೀರಲ್ಲ, ಡಿಟ್ಟೋ ಹಾಗೇ ಇರಬೇಕು" ಎಂದರು ಆಕೆ. ಡಿಟ್ಟೋ ಎಂಬ ಮಾತಿಗೆ ರಟ್ಟಮ್ಮ ಉಬ್ಬಿಹೋದಳು. ಹಳೆಯ ಮನೆಯನ್ನು ಡಬ್ಬದಿಂದ ತೆಗೆದು ಮೇಜಿನ ನಡುವೆ ಇಟ್ಟುಕೊಂಡು, ಅದರ ಮಾಡಿನ ಕೆಂಪಿಗೆ ಕೆಂಪು ಹೊಂದಿಸಿ, ಕಲೆಗೆ ಕಲೆ ಕೂರಿಸಿ, ಇಪ್ಪತ್ತು ದಿನ ಕೂತು ಇಪ್ಪತ್ತನಾಲ್ಕು ಮನೆ ಮುಗಿಸಿದಳು.

ಸೋಮವಾರ ಅವಳು ಗೋಂದು ತರಲು ಅಂಗಡಿಗೆ ಹೋದಾಗ ಕಂಡಕ್ಟರು ಮೇಜಿನ ಮೇಲಿದ್ದ ಮನೆಗಳನ್ನು ಎಣಿಸಿದರು. ಇಪ್ಪತ್ತೈದು. ಬಸ್ಸಿನಲ್ಲಿ ಒಂದು ತಲೆ ಹೆಚ್ಚಿದ್ದರೆ ಏನು ಮಾಡಬೇಕೆಂದು ಅವರಿಗೆ ಗೊತ್ತು. ಹೆಚ್ಚಿನದು ಅಪ್ಪನ ಮನೆ, ಅದು ಡಬ್ಬದೊಳಗೆ ಹೋಗಬೇಕು, ಇಲ್ಲದಿದ್ದರೆ ಈ ಗದ್ದಲದಲ್ಲಿ ಕಳೆದುಹೋದೀತು. ಒಳ್ಳೆಯ ಯೋಚನೆಯೇ. ಇಪ್ಪತ್ತೈದನ್ನೂ ಕನ್ನಡಕದ ಮೇಲಿಂದ ನೋಡಿದರು, ಕೆಳಗಿಂದ ನೋಡಿದರು, ಅದರಲ್ಲಿ ತೀರಾ ಹಣ್ಣುಹಣ್ಣು ಮುದುಕಿಯಂತಿದ್ದ ಒಂದನ್ನು ಆರಿಸಿ, ಬಟ್ಟೆಯಲ್ಲಿ ಸುತ್ತಿ, ಡಬ್ಬಕ್ಕೆ ಹಾಕಿ ಮುಚ್ಚಿದರು. ಹೆಂಡತಿ ಬಂದಾಗ "ಹಳೇ ಮನೆ ಎತ್ತಿಟ್ಟಿದ್ದೀನಿ, ಚಿಂತೆ ಬಿಡು" ಎಂದು ವರದಿ ಒಪ್ಪಿಸಿದರು. ಅವಳು "ಪುಣ್ಯ ಕಟ್ಕೊಂಡ್ರಿ" ಎಂದಳು.

ಮಂಗಳವಾರ ತಪಾಸಣೆ. ರಟ್ಟಮ್ಮ ಒಂದೊಂದೇ ಮನೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಸುತ್ತಲೂ ತಿರುಗಿಸಿ, ಕೆಳಗಿಟ್ಟಳು. ಹದಿನಾರನೆಯದು ಬಂದಾಗ ಕೈ ನಿಂತಿತು. ಕಿಟಕಿ ಸೊಟ್ಟ! ಅವಳಿಗೆ ನಾಚಿಕೆಯೇ ಆಯಿತು. ಇಷ್ಟು ದಿನ ಅಪ್ಪನ ಮನೆಯನ್ನು ಎದುರಿಗಿಟ್ಟುಕೊಂಡು ಅದರ ತಪ್ಪೂ ಕೈಗೆ ಅಂಟಿಕೊಂಡಿತಲ್ಲ, ಕಾರ್ಖಾನೆಯಲ್ಲಾಗಿದ್ದರೆ ಮಾನ ಹೋಗುತ್ತಿತ್ತು ಎಂದುಕೊಂಡು ಸ್ಟೀಲ್ ಸ್ಕೇಲನ್ನು ಒತ್ತಿ ಹಿಡಿದು, ಹೊಸ ಬ್ಲೇಡು ಹಾಕಿ, ಎರಡು ಬದಿಯನ್ನೂ ಸವರಿ ಚೌಕ ಮಾಡಿದಳು. ರಟ್ಟು ಬ್ಲೇಡಿಗೆ ಸ್ವಲ್ಪ ಪುಡಿಪುಡಿಯಾಗಿ ಬಂತು. ರಟ್ಟಿನ ಅಂಗಡಿಯವನಿಗೆ ನಾಲ್ಕು ಬೈಗುಳ ಬಿದ್ದವು. ಹೊಸ ಚೌಕಟ್ಟು, ಹೊಸ ಜಿಲೆಟಿನ್ ಕಾಗದ ಅಂಟಿಸಿ, ಮೇಲೊಂದು ಕೈ ಡಿಕಾಕ್ಷನ್ ಬಳಿದಾಗ ಕಿಟಕಿ ಸೈನಿಕನಂತೆ ನೆಟ್ಟಗೆ ನಿಂತಿತು. ಬುಧವಾರ ಇಪ್ಪತ್ತನಾಲ್ಕು ಮನೆಗಳೂ ಕ್ಲಿನಿಕ್ಕಿಗೆ ಹೋದವು. ಕುಯ್ದ ಚೂರುಗಳು ಗುರುವಾರದ ಕಸದ ಗಾಡಿಯಲ್ಲಿ ಹೋದವು.

ಶುಕ್ರವಾರ ಬೆಳಿಗ್ಗೆ, ಅಕ್ಕ ಬರುವ ಮೊದಲು ಒಮ್ಮೆ ಧೂಳು ಒರೆಸಿಡೋಣ ಎಂದು ರಟ್ಟಮ್ಮ ಡಬ್ಬ ತೆರೆದಳು. ಬಟ್ಟೆ ಬಿಡಿಸಿದಳು. ಕಿಟಕಿ ನೆಟ್ಟಗಿತ್ತು.

ತೂತಿನಲ್ಲಿ ಇಣುಕಿ ನೋಡಿದಳು. ಒಳಗೆ ಹುಡುಗಿಯಿಲ್ಲ, ಬರೀ ಕಂದು ರಟ್ಟು. ಇದು ತಾನು ಮಾಡಿದ್ದು. ಹಾಗಾದರೆ ಮಂಗಳವಾರ ತಾನು ಸ್ಕೇಲು ಹಿಡಿದು ಕುಯ್ದದ್ದು ಯಾವುದನ್ನು?

"ರೀ!" ಎಂಬ ಕೂಗಿಗೆ ಕಂಡಕ್ಟರು ಅರ್ಧ ಗಡ್ಡದ ಸಾಬೂನಿನಲ್ಲೇ ಓಡಿಬಂದರು. "ನೀವು ಡಬ್ಬದೊಳಗೆ ಇಟ್ಟಿದ್ದು ಯಾವ್ದು?"

"ಹಳೇದು. ಇರೋದ್ರಲ್ಲೆಲ್ಲ ಅದೇ ಹಳೇದಾಗಿ ಕಾಣ್ತಿತ್ತು."

"ಕಿಟಕಿ ಸೊಟ್ಟ ಇದ್ಯಾ ಅಂತ ನೋಡ್ಬಾರ್ದಿತ್ತಾ?"

"ಸೊಟ್ಟ ನೋಡೋದು ನಿನ್ನ ಡಿಪಾರ್ಟ್‌ಮೆಂಟು. ನಾನು ಎಣಿಸ್ದೆ. ಲೆಕ್ಕ ಸರಿ ಇತ್ತು."

ಅವಳಿಗೆ ಗಂಡನ ಮೇಲೆ ರೇಗೋಣವೆಂದರೆ ಬಾಯಿ ಬರಲಿಲ್ಲ. ಹಳೆಯದಕ್ಕಿಂತ ಹಳೆಯದು ಮಾಡಿದವಳು ತಾನು, ಯಾರಪ್ಪನ ಕೈಲೂ ಹೇಳೋಕಾಗಲ್ಲ ಎಂದು ಮೆರೆದವಳು ತಾನು, ಕೊನೆಗೆ ಅಪ್ಪನ ಮನೆಯೇ ಕೈಗೆ ಬಂದಾಗ ಗುರುತು ಹಿಡಿಯದೆ ಅದರ ಮುಖ ಕುಯ್ದವಳೂ ತಾನೇ. ಮಾಡಿದ್ದುಣ್ಣೋ ಮಹರಾಯ. ಅಕ್ಕನ "ಜೋಪಾನ" ಎಂಬ ಮಾತು ಕಿವಿಯಲ್ಲಿ ಮೊಳಗಿತು. ಹತ್ತೊಂಬತ್ತು ವರ್ಷ ಆ ಮಾತಿಗೆ ಸಿಡಿಮಿಡಿಗೊಂಡಿದ್ದಳಲ್ಲ, ಈಗ ಅಕ್ಕನ ಮಾತೇ ಸರಿಯಾಗಿತ್ತೆಂದು ಒಪ್ಪಿಕೊಳ್ಳಬೇಕಾದ ಗಳಿಗೆ ಬಂದಿತ್ತು. ಅದಕ್ಕಿಂತ ಅವಳಿಗೆ ಹಲ್ಲು ಕೀಳಿಸಿಕೊಳ್ಳುವುದೇ ಮೇಲೆನಿಸಿತು.

ಶನಿವಾರ ಆದದ್ದೂ ಹೆಚ್ಚುಕಡಿಮೆ ಅದೇ. ರಟ್ಟಮ್ಮನ ಕೆಳದವಡೆಯ ಒಂದು ಹಲ್ಲು ಎರಡು ವರ್ಷದಿಂದ ಹುಳುಕಾಗಿತ್ತು, ಅವಳು ಡಾಕ್ಟರನ್ನು ಕಂಡಾಗಲೆಲ್ಲ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಈಗ ತಾನಾಗಿಯೇ ಕ್ಲಿನಿಕ್ಕಿನ ಮೆಟ್ಟಿಲು ಹತ್ತಿ ವಿಷಯ ಹೇಳಿದಳು. ಡಾಕ್ಟರು ಗಲ್ಲಕ್ಕೆ ಕೈಹಚ್ಚಿ ಕೇಳಿದರು.

"ಎಲ್ಲಾ ಮನೇನೂ ಅಂಟು ಹಾಕಿ ಕೂರಿಸಿಬಿಟ್ಟಿದ್ದೀನಲ್ಲ ರಟ್ಟಮ್ಮ! ಯಾವುದು ಅಂತ ಹೇಗೆ ಹುಡುಕ್ತೀರಿ?"

"ತೂತಲ್ಲಿ ಇಣುಕಿದ್ರೆ ಗೊತ್ತಾಗತ್ತೆ ಡಾಕ್ಟ್ರೇ. ಒಳಗೊಬ್ಳು ಹುಡುಗಿ ಇದ್ದಾಳೆ."

ಡಾಕ್ಟರು ಅವಳ ಮುಖವನ್ನೇ ಒಂದು ಕ್ಷಣ ನೋಡಿ, ಒಳಗೆ ಹೋಗಿ, ಉದ್ದ ಹಿಡಿಯ ಪುಟ್ಟ ಕನ್ನಡಿಯೊಂದನ್ನು ತಂದರು. ಹಲ್ಲಿನ ಹಿಂಬದಿ ನೋಡುವ ಕನ್ನಡಿ. "ಹೊಸದು, ಇನ್ನೂ ಯಾರ ಬಾಯಿಗೂ ಹೋಗಿಲ್ಲ. ಆದ್ರೆ ಒಂದು ಷರತ್ತು. ನೀವು ನನ್ನ ಊರೊಳಗೆ ಇಣುಕಿದ ಮೇಲೆ ನಾನು ನಿಮ್ಮ ಬಾಯೊಳಗೆ ಇಣುಕ್ತೀನಿ."

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಇಲಿ ಒಪ್ಪಿಕೊಂಡಿತು.

ಕಾಯುತ್ತ ಕೂತಿದ್ದ ರೋಗಿಗಳಿಗೆ ಆ ದಿನ ಹಲ್ಲುನೋವು ಮರೆತೇಹೋಯಿತು. ಮೇಜನ್ನು ಗೋಡೆಯಿಂದ ಈಚೆಗೆ ಎಳೆಯಲು ಇಬ್ಬರು ಕೈಹಾಕಿದರು. ಕೆನ್ನೆ ಊದಿದ್ದ ಒಬ್ಬ ಯಜಮಾನರು ಟಾರ್ಚ್ ಹಿಡಿಯುವ ಹೊಣೆ ಹೊತ್ತು, ಮುಂದಿನ ಕಿಟಕಿಯಿಂದ ಬೆಳಕು ಬಿಡುತ್ತ ಹೋದರು. ರಟ್ಟಮ್ಮ ನೆಲದ ಮೇಲೆ ಮಂಡಿಯೂರಿ, ಒಂದೊಂದೇ ಬಲ್ಬು ಎಳೆದು, ತೂತಿನಲ್ಲಿ ಕನ್ನಡಿ ತೂರಿಸಿ, ಒಂದು ಕಣ್ಣು ಮುಚ್ಚಿ ನೋಡಿದಳು. ಒಂದನೇ ಮನೆ, ಕಂದು ರಟ್ಟು. ಎರಡನೇ ಮನೆ, ಕಂದು ರಟ್ಟು. ಕಂಡಕ್ಟರು ಪಕ್ಕದಲ್ಲಿ ನಿಂತು ಜೋರಾಗಿ ಎಣಿಸುತ್ತಿದ್ದರು. ಬಾಯಲ್ಲಿ ಹತ್ತಿ ಕಚ್ಚಿಕೊಂಡಿದ್ದ ಹೆಂಗಸೊಬ್ಬಳು "ಇತ್ತಾ? ಇತ್ತಾ?" ಎಂದು ಪ್ರತಿ ಮನೆಗೂ ಕೇಳಿದಳು. ಹನ್ನೆರಡಾಯಿತು, ಹದಿನೈದಾಯಿತು. ರಟ್ಟಮ್ಮನ ಮಂಡಿ ಹೋಯಿತು, ಧೈರ್ಯವೂ ಹೋಗುವುದರಲ್ಲಿತ್ತು. ಹತ್ತೊಂಬತ್ತನೇ ಮನೆಯ ಕನ್ನಡಿಯಲ್ಲಿ ಒಂದು ಕಣ್ಣು, ಅರ್ಧ ನಗು, ಒಂದು ಬಿಸ್ಕತ್ತು ಕಂಡವು.

"ಇದ್ದಾಳೆ!" ಎಂದಳು ರಟ್ಟಮ್ಮ. ರೋಗಿಗಳೆಲ್ಲ ಚಪ್ಪಾಳೆ ತಟ್ಟಿದರು. ಡಾಕ್ಟರು ತಮ್ಮ ಅತ್ಯಂತ ತೆಳು ಅಲಗನ್ನು ತಳಕ್ಕೆ ಕೊಟ್ಟು ಮನೆಯನ್ನು ಬಿಡಿಸಿದರು, ಖಾಲಿಯಾದ ಜಾಗಕ್ಕೆ ಡಬ್ಬದಲ್ಲಿದ್ದ ಮನೆ ಹೋಯಿತು. ಊರಿನ ಜನಸಂಖ್ಯೆ ಕಡಿಮೆಯಾಗಲಿಲ್ಲವೆಂದು ಕಂಡಕ್ಟರು ಇನ್ನೊಮ್ಮೆ ಎಣಿಸಿ ಖಾತ್ರಿ ಮಾಡಿಕೊಂಡರು. ಆಮೇಲೆ ರಟ್ಟಮ್ಮ ಕುರ್ಚಿಯಲ್ಲಿ ಒರಗಿ ಕೊಟ್ಟ ಮಾತಿನಂತೆ ಬಾಯಿ ತೆರೆದಳು. ಅದರ ವಿವರ ಬೇಡ.

ಮನೆ ಸಿಕ್ಕಿತು, ಕಿಟಕಿ ಸಿಗಲಿಲ್ಲ. ಶನಿವಾರ ಮಧ್ಯಾಹ್ನ ಅರ್ಧ ಬಾಯಿ ಮರಗಟ್ಟಿಕೊಂಡೇ ಅವಳು ಮೇಜಿಗೆ ಕೂತಳು. ಮುಂದಿನ ಗೋಡೆಗೆ ಒಂದು ತೆಳು ರಟ್ಟು ಹಚ್ಚಿ, ಮೊದಲಿನ ಹಾಗೇ ಸೊಟ್ಟಗೆ ಕುಯ್ದರಾಯಿತು, ಹಳೆಯದು ಮಾಡುವುದು ಹೇಗೂ ತನ್ನ ವಿದ್ಯೆ ಎಂದುಕೊಂಡಳು. ಮೊದಲು ಚೂರು ರಟ್ಟಿನ ಮೇಲೆ ಕುಯ್ದು ನೋಡಿದಳು. ನೆಟ್ಟಗೆ ಬಂತು. ಸ್ಕೇಲು ಬಿಟ್ಟು ಕುಯ್ದಳು. ನೆಟ್ಟಗೆ ಬಂತು. ಬೇಕೆಂದೇ ಓರೆ ಮಾಡಿದರೆ ಸೊಟ್ಟ ಬರಲಿಲ್ಲ, ಅಳೆದು ಇಳಿಜಾರು ಮಾಡಿದಂತೆ ಬಂತು. ಅಪ್ಪನ ಕಿಟಕಿಯ ವಾಲು ಹಾಗಿರಲಿಲ್ಲ, ಅದು ನಡುವೆ ಒಂದು ಕಡೆ ಹೆದರಿ, ಆಮೇಲೆ ಧೈರ್ಯ ಮಾಡಿ ಹೋದಂತಿತ್ತು.

"ಕಣ್ಣು ಮುಚ್ಕೊಂಡು ಕುಯ್ದು ನೋಡು" ಎಂದರು ಕಂಡಕ್ಟರು.

ಕಣ್ಣು ಮುಚ್ಚಿ ಕುಯ್ದಳು. ನೂಲು ಹಿಡಿದಂತೆ ನೆಟ್ಟಗೆ ಬಂತು. ಹನ್ನೊಂದು ಚೂರು ಕುಯ್ದ ಮೇಲೆ ಬ್ಲೇಡು ಕೆಳಗಿಟ್ಟು ಅತ್ತೇಬಿಟ್ಟಳು. ಇಪ್ಪತ್ತೆಂಟು ವರ್ಷ ಸೊಟ್ಟವನ್ನು ಓಡಿಸಿದ ಕೈಗೆ ಈಗ ಬಾ ಎಂದರೆ ಅದು ಬರುತ್ತದೆಯೇ?

"ಸುಮ್ನೆ ಕೊಟ್ಬಿಡು. ಏನೂ ಹೇಳಬೇಡ" ಎಂದರು ಕಂಡಕ್ಟರು ಮೆತ್ತಗೆ. "ಬೀಸೋ ದೊಣ್ಣೆ ತಪ್ಪಿದ್ರೆ ಸಾವಿರ ವರ್ಷ ಆಯಸ್ಸು. ಅವರು ಕಿಟಕೀನ ಅಷ್ಟು ಯಾಕೆ ನೋಡ್ತಾರೆ?"

ಭಾನುವಾರ ಹತ್ತರ ಬಸ್ಸಿಗೆ ಅಕ್ಕ ಬಂದಳು. ಇಸ್ತ್ರಿ ಮಾಡಿದ ಬಟ್ಟೆ, ಬಿಗಿ ತುರುಬು, ಕೈಯಲ್ಲಿ ಡಬ್ಬಕ್ಕೆಂದೇ ಹೊಲಿಸಿದ ಚೀಲ. ಟೀ ಆಯಿತು. ಮಂಡಿನೋವಿನ ಮಾತಾಯಿತು. ರಟ್ಟಮ್ಮನ ಕೆನ್ನೆ ಯಾಕೆ ಊದಿದೆ ಎಂಬ ಮಾತು ಬಂದು, ಹಲ್ಲಿನ ಮೇಲೆ ಹಾಕಿ ಮುಗಿಸಿದ್ದಾಯಿತು. ಆಮೇಲೆ ಅಕ್ಕ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಮುಚ್ಚಳ ತೆಗೆದಳು, ಬಟ್ಟೆ ಬಿಡಿಸಿದಳು, ಮನೆಯನ್ನು ಎರಡೂ ಕೈಯಲ್ಲಿ ಎತ್ತಿದಳು. ಅಭ್ಯಾಸದಂತೆ ಕತ್ತು ಒಂದು ಕಡೆಗೆ ವಾಲಿತು.

ಮತ್ತೆ ಆ ಕತ್ತು ನಿಧಾನವಾಗಿ ನೆಟ್ಟಗಾಯಿತು.

ಕಂಡಕ್ಟರು ಪೇಪರಿನ ಹಿಂದೆ ಅಡಗಿದರು. ಅಕ್ಕ ತೂತಿನಲ್ಲಿ ಇಣುಕಿ ಒಳಗಿನ ಹುಡುಗಿಯನ್ನು ನೋಡಿದಳು, ಮತ್ತೆ ಮುಂದೆ ತಿರುಗಿಸಿ ಕಿಟಕಿ ನೋಡಿದಳು. "ಇದನ್ನ ಯಾರು ಸರಿ ಮಾಡಿದ್ದು?" ಎಂದಳು.

ರಟ್ಟಮ್ಮ ಹೇಳಿದಳು. ಒಂದು ಬಿಡದೆ ಹೇಳಿದಳು. ಡಿಟ್ಟೋ ಎಂದು ಉಬ್ಬಿದ್ದು, ಹದಿನಾರನೆಯದೆಂದು ಎತ್ತಿದ್ದು, ಸ್ಕೇಲು ಒತ್ತಿದ್ದು, ಹಲ್ಲಿನ ಕನ್ನಡಿ, ಹನ್ನೊಂದು ಚೂರು ರಟ್ಟು. "ಬೈಯಕ್ಕ. ಎರಡೇಟು ಬೇಕಾದ್ರೂ ಹಾಕು. ಅಪ್ಪ ಅವಸರದಲ್ಲಿ ಸೊಟ್ಟ ಕುಯ್ದಿದ್ದು ಅಂತ ಅಂದ್ಕೊಂಡೇ ಬೆಳೆದೆ, ಆದ್ರೂ ಅದು ಅಪ್ಪನ ಕೈಯಿಂದ ಬಂದಿದ್ದಲ್ವಾ, ನಾನು ಮುಟ್ಟಬಾರ್ದಿತ್ತು."

ಅಕ್ಕ ಬೈಯಲಿಲ್ಲ. ಅದಕ್ಕೇ ತಂಗಿಗೆ ಹೆಚ್ಚು ಭಯವಾಯಿತು.

"ಅಪ್ಪನ ಕೈಯಿಂದ ಬಂದಿದ್ದಲ್ಲ ಪುಟ್ಟಿ" ಎಂದಳು ಅಕ್ಕ. "ನನ್ನ ಕೈಯಿಂದ ಬಂದಿದ್ದು."

ರಟ್ಟಮ್ಮ ಒಮ್ಮೆ ಕಿಟಕಿಯನ್ನು, ಒಮ್ಮೆ ಅಕ್ಕನ ಕೈಯನ್ನು ನೋಡಿದಳು.

"ನಂಗೆ ಆಗ ಒಂಬತ್ತು. ನಾನು ಎಡಚಿ ಅನ್ನೋದು ನಿಂಗೆ ನೆನಪಿರಲ್ಲ, ನಿಂಗೆ ಬುದ್ಧಿ ಬರೋ ಹೊತ್ತಿಗೆ ಎಲ್ಲ ತಿದ್ದಿಬಿಟ್ಟಿದ್ರು. ಸ್ಕೂಲಲ್ಲಿ ಎಡಗೈಯಲ್ಲಿ ಬಳಪ ಹಿಡಿದ್ರೆ ಗೆಣ್ಣಿನ ಮೇಲೆ ಏಟು. ಮನೇಲಿ ಅಮ್ಮ ಆ ಕೈಗೆ ಬಟ್ಟೆ ಸುತ್ತಿ ಕೂರಿಸ್ತಿದ್ಲು. ಅವಳೂ ಕೆಟ್ಟದ್ದಕ್ಕೆ ಮಾಡ್ಲಿಲ್ಲ, ಪಾಪ. ಆವತ್ತು ಅಪ್ಪ ಮನೆ ಮಾಡ್ತಿದ್ರು, ನೀನು ಅವರ ತೊಡೆ ಮೇಲೆ ಕೂತು ಮಿಂಚಿನ ಪುಡಿ ತಿನ್ನೋಕೆ ಹೋಗ್ತಿದ್ದೆ." ಇಲ್ಲಿ ಅಕ್ಕ ಸ್ವಲ್ಪ ನಕ್ಕಳು. "ಅಪ್ಪ ನನ್ನ ಕೈಗೆ ಬ್ಲೇಡು ಕೊಟ್ರು. ಕಿಟಕಿ ನೀನು ಕುಯ್ಯಮ್ಮ ಅಂದ್ರು. ನಾನು ಬಲಗೈಯಲ್ಲಿ ಹಿಡಿದೆ. ಅಪ್ಪ ಅಂದ್ರು, ನಿಂಗೆ ಯಾವ ಕೈ ಬರುತ್ತೋ ಆ ಕೈಯಲ್ಲೇ ಕುಯ್ಯಿ."

ಪೇಪರು ಕೆಳಗಿಳಿದಿತ್ತು.

"ಸೊಟ್ಟ ಬಂತು. ನಂಗೆ ಅಳು. ಅಪ್ಪ ಮನೆ ಎತ್ತಿ ಕತ್ತು ವಾಲಿಸಿ ನೋಡಿ, 'ಪರವಾಗಿಲ್ಲ, ಈ ಮನೆಯವರು ಕತ್ತು ವಾಲಿಸಿ ಬೀದಿ ನೋಡೋ ಜನ' ಅಂದ್ರು. ತಿದ್ದಲಿಲ್ಲ. ಇಡೀ ಪ್ರಪಂಚದಲ್ಲಿ ನನ್ನ ಆ ಕೈ ಮಾಡಿದ್ದು ಅದೊಂದೇ ಉಳಿದಿತ್ತು. ಆಮೇಲೆ ಬರೆದಿದ್ದೆಲ್ಲ, ಇಂಜೆಕ್ಷನ್ ಕೊಟ್ಟಿದ್ದೆಲ್ಲ ಈ ಬಲಗೈ."

ರಟ್ಟಮ್ಮನಿಗೆ ತಾನು ವರ್ಷಗಟ್ಟಲೆ ಎಲ್ಲರೆದುರು ಹೇಳಿಕೊಂಡು ತಿರುಗಿದ "ನಾನೂ ಅಪ್ಪನೂ" ಎಂಬ ಮಾತು ನೆನಪಾಯಿತು. ಅದನ್ನು ಅಕ್ಕನ ಎದುರೇ ಎಷ್ಟು ಸಲ ಹೇಳಿದ್ದಳು! ಅಕ್ಕ ಪ್ರತಿ ಸಲ ಸುಮ್ಮನೆ ಟೀ ಕುಡಿದಿದ್ದಳು. "ಒಂದು ಸಲಾನಾದ್ರೂ ಹೇಳಬಾರ್ದಿತ್ತೇನಕ್ಕ?" ಎಂದಳು, ಅಳುತ್ತ.

"ನೀನು ಅಷ್ಟು ಖುಷಿಯಾಗಿ ಹೇಳ್ಕೋತಿದ್ದೆ. ನಂಗೆ ಕಿಟಕಿ ಇತ್ತಲ್ಲ, ಸಾಕಾಗಿತ್ತು."

ರಟ್ಟಮ್ಮ ಎದ್ದಳು. ಮೂಗು ಒರೆಸಿಕೊಂಡಳು. ಮೇಜಿನ ಮೇಲಿದ್ದದ್ದನ್ನೆಲ್ಲ ಒಂದು ಕಡೆಗೆ ಸರಿಸಿ, ಒದ್ದೆ ಬಟ್ಟೆಯಿಂದ ಮನೆಯ ತಳದ ಅಂಟನ್ನು ನೆನೆಸಿ ಬಿಡಿಸಿ, ಒಳಗೆ ಒಂದು ಮರದ ತುಂಡು ಕೊಟ್ಟು ಮನೆಯನ್ನು ಮಗ್ಗುಲಿಗೆ ಮಲಗಿಸಿದಳು. ಬಲಮಗ್ಗುಲಿನ ಗೋಡೆ ಖಾಲಿಯಿತ್ತು, ಅಪ್ಪ ಅಲ್ಲಿ ಏನನ್ನೂ ಕುಯ್ದಿರಲಿಲ್ಲ. ಒಳಗಿನ ಹುಡುಗಿಯಿದ್ದದ್ದು ಎಡಗೋಡೆಯ ಮೇಲೆ, ಅವಳಿಗೂ ನೋವಾಗುತ್ತಿರಲಿಲ್ಲ. ಹೊಸ ಬ್ಲೇಡು ತೆಗೆದು ಅಕ್ಕನ ಮುಂದೆ ಚಾಚಿದಳು.

"ಹುಚ್ಚಿ, ಅರವತ್ತೆಂಟು ವರ್ಷಕ್ಕೆ ಏನೇ ಇದು" ಎಂದಳು ಅಕ್ಕ. ಆದರೂ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡಳು. ಬ್ಲೇಡನ್ನು ಬಲಗೈಯಲ್ಲಿ ಹಿಡಿದಳು.

"ನಿಂಗೆ ಯಾವ ಕೈ ಬರುತ್ತೋ ಆ ಕೈಯಲ್ಲೇ ಕುಯ್ಯಿ" ಎಂದಳು ರಟ್ಟಮ್ಮ.

ಅಕ್ಕ ತಂಗಿಯ ಮುಖ ನೋಡಿದಳು. ಬ್ಲೇಡನ್ನು ಎಡಗೈಗೆ ಬದಲಾಯಿಸಿಕೊಂಡಳು. ಐವತ್ತೊಂಬತ್ತು ವರ್ಷ ಸುಮ್ಮನಿದ್ದ ಕೈ ಮೊದಲ ಗೆರೆಗೆ ಹೊರಟಿತು. ಬ್ಲೇಡು ರಟ್ಟಿಗೆ ಇಳಿಯಿತು, ಎಡಗಡೆಗೆ ಜಾರಿತು, ನಡುವೆ ಒಂದು ಕಡೆ ಹೆದರಿ ನಿಂತಿತು, 'ಹೋಗಲಿ' ಎಂದುಕೊಂಡು ಮತ್ತೆ ಹೊರಟಿತು. ಮೊದಲ ಕಿಟಕಿಯ ಅದೇ ವಾಲು. ಅಕ್ಕ ನಾಲಿಗೆಯನ್ನು ತುಟಿಯ ಮೂಲೆಗೆ ಕಚ್ಚಿಕೊಂಡಿದ್ದಳು, ಹೆಡ್ ನರ್ಸ್ ಎಲ್ಲೋ ಹೊರಟುಹೋಗಿದ್ದಳು. ಕಂಡಕ್ಟರು ಎಣಿಸುವುದಕ್ಕೆ ಏನೂ ಇಲ್ಲದೆ ಸುಮ್ಮನೆ ನೋಡುತ್ತಿದ್ದರು.

ಗೆರೆ ಇನ್ನೂ ಸೊಟ್ಟವಾಗುತ್ತ ಹೋದಂತೆ ರಟ್ಟಮ್ಮನ ಕೈ ಅಭ್ಯಾಸಬಲದಿಂದ ತಾನಾಗಿಯೇ ಸ್ಟೀಲ್ ಸ್ಕೇಲಿನ ಕಡೆಗೆ ಹೋಯಿತು. ಅದನ್ನು ಎತ್ತಿಕೊಂಡಳು. ತನ್ನ ಕುರ್ಚಿಯ ಮೇಲೆ ಇಟ್ಟು, ಅದರ ಮೇಲೆ ಗಟ್ಟಿಯಾಗಿ ಕೂತಳು.